ಹಸಿವಿಗೂ ತಟ್ಟೆಗೂ ನಡುವಿನ ದೂರ: ಎಡಿಎಚ್‌ಡಿ ಇರುವ ಹೆಣ್ಣುಮಕ್ಕಳ ಊಟ-ತಿಂಡಿಗೆ ಒಂದು ಮಾರ್ಗದರ್ಶಿ

ಸಂಜೆ ಐದರ ಹೊತ್ತಿಗೆ ಕೈ ಸಣ್ಣಗೆ ನಡುಗತೊಡಗಿದಾಗ, ಬೆಳಿಗ್ಗೆ ಕಟ್ಟಿ ತಂದ ಚಿತ್ರಾನ್ನದ ಡಬ್ಬಿ ಇನ್ನೂ ಚೀಲದಲ್ಲೇ ಇದೆಯೆಂಬುದು ನನಗೆ ನೆನಪಾಗುತ್ತಿತ್ತು. ಮೇಜಿನ ಮೇಲೆ ಅರ್ಧ ಕುಡಿದು ಆರಿಹೋದ ಕಾಫಿಯ ಮೂರು ಲೋಟಗಳು ಸಾಲಾಗಿ ಕುಳಿತಿರುತ್ತಿದ್ದವು. ಅದೇ ದಿನ ರಾತ್ರಿ ಒಂಬತ್ತಕ್ಕೆ ಮನೆ ಸೇರಿದವಳು ಚಪ್ಪಲಿ ಬಿಟ್ಟ ಕೂಡಲೇ ಅಡುಗೆಮನೆಯಲ್ಲಿ ನಿಂತುಕೊಂಡೇ ಖಾರದ ಮಿಕ್ಸ್ಚರ್, ಮಧ್ಯಾಹ್ನದ ತಣ್ಣನೆಯ ಅನ್ನ, ಮಕ್ಕಳಿಗೆಂದು ತಂದಿಟ್ಟಿದ್ದ ಬಿಸ್ಕತ್ತು, ಹೀಗೆ ಕೈಗೆ ಸಿಕ್ಕಿದ್ದೆಲ್ಲವನ್ನೂ ತಿನ್ನುತ್ತಿದ್ದೆ. ಹೊಟ್ಟೆ ತುಂಬಿತೆಂದು ತಿಳಿಯುವಷ್ಟರಲ್ಲಿ ಹೊಟ್ಟೆ ನೋಯುತ್ತಿರುತ್ತಿತ್ತು. ಇದನ್ನು ಶಿಸ್ತಿಲ್ಲದ ಬಾಳು ಎಂದು ಇತರರೂ ಹೇಳಿದರು, ನಾನೂ ನಂಬಿದೆ. ಮೂವತ್ತೇಳನೆಯ ವಯಸ್ಸಿನಲ್ಲಿ ಮನೋವೈದ್ಯರೊಬ್ಬರು ಎಡಿಎಚ್‌ಡಿ ಎಂಬ ಹೆಸರು ಕೊಟ್ಟ ಮೇಲೆಯೇ, ಊಟ ತಪ್ಪುವುದಕ್ಕೂ ರಾತ್ರಿಯ ಅತಿಯಾದ ತಿನ್ನುವಿಕೆಗೂ ಒಂದೇ ಬೇರು ಇದೆಯೆಂದು ನನಗೆ ಅರ್ಥವಾದದ್ದು. ಅದೇ ಸ್ಥಿತಿಯಲ್ಲಿರುವ, ಅಥವಾ ಹಾಗಿರಬಹುದೆಂದು ಅನುಮಾನ ಪಡುತ್ತಿರುವ ಹೆಣ್ಣುಮಕ್ಕಳಿಗಾಗಿ ಈ ಲೇಖನವನ್ನು ಬರೆಯುತ್ತಿದ್ದೇನೆ.

ಮೊದಲು ಈ ತೊಂದರೆಯ ಸ್ವರೂಪವನ್ನು ತಿಳಿಯಬೇಕು

ಎಡಿಎಚ್‌ಡಿಯನ್ನು ಕನ್ನಡದಲ್ಲಿ ಗಮನ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ ಎಂದು ಕರೆಯುವುದುಂಟು. ಹೆಸರು ಸ್ವಲ್ಪ ದಾರಿ ತಪ್ಪಿಸುತ್ತದೆ. ಇಂಥವರಲ್ಲಿ ಗಮನ ಧಾರಾಳವಾಗಿರುತ್ತದೆ. ಅದನ್ನು ಬೇಕಾದ ಹೊತ್ತಿನಲ್ಲಿ ಬೇಕಾದ ಕಡೆಗೆ ತಿರುಗಿಸುವುದು, ಹಿಡಿದ ಕೆಲಸದಿಂದ ಕಿತ್ತು ಇನ್ನೊಂದರ ಮೇಲೆ ಇಡುವುದು, ಕೆಲಸವೊಂದನ್ನು ಶುರು ಮಾಡುವುದು, ಸಮಯ ಎಷ್ಟು ಸರಿಯಿತೆಂದು ಅಂದಾಜು ಮಾಡುವುದು ಕಷ್ಟ. ಹುಟ್ಟಿನಿಂದಲೇ ಬರುವ, ಬಹುಪಾಲು ವಂಶವಾಹಿಯಾದ ಮಿದುಳಿನ ಬೆಳವಣಿಗೆಯ ವ್ಯತ್ಯಾಸ ಇದು. ಸಕ್ಕರೆ ತಿಂದದ್ದರಿಂದಲೋ, ತಾಯಿ ಸರಿಯಾಗಿ ಬೆಳೆಸದಿದ್ದುದರಿಂದಲೋ ಬರುವುದಿಲ್ಲ.

ಹುಡುಗರಲ್ಲಿ ಇದು ತರಗತಿಯಲ್ಲಿ ಎದ್ದು ಓಡಾಡುವ, ಬೆಂಚು ಹತ್ತುವ ರೂಪದಲ್ಲಿ ಕಾಣಿಸಿಕೊಳ್ಳುವುದು ಹೆಚ್ಚಾದ್ದರಿಂದ ಬೇಗ ಕಣ್ಣಿಗೆ ಬೀಳುತ್ತದೆ. ಹುಡುಗಿಯರಲ್ಲಿ ಸಾಮಾನ್ಯವಾಗಿ ಗಮನ ಜಾರುವ ರೂಪವೇ ಮುಂದಿರುತ್ತದೆ. ಕಿಟಕಿಯಾಚೆ ನೋಡುತ್ತ ಕುಳಿತ, ಯಾರಿಗೂ ತೊಂದರೆ ಕೊಡದ ಹುಡುಗಿಯನ್ನು ಯಾವ ಶಿಕ್ಷಕರೂ ವೈದ್ಯರ ಬಳಿಗೆ ಕಳಿಸುವುದಿಲ್ಲ. ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿಯು ಅತಿಚಟುವಟಿಕೆಯಿಲ್ಲದೆಯೂ ಈ ತೊಂದರೆ ಇರಬಹುದೆಂದು 1980ರಲ್ಲಿ ಒಪ್ಪಿಕೊಂಡಿತಾದರೂ, ಆ ತಿಳಿವಳಿಕೆ ಶಾಲೆ ಮತ್ತು ಮನೆಗಳನ್ನು ತಲುಪಲು ದಶಕಗಳು ಹಿಡಿದವು. 2013ರ ಐದನೆಯ ಆವೃತ್ತಿಯು ಲಕ್ಷಣಗಳು ಕಾಣಿಸಿಕೊಂಡಿರಬೇಕಾದ ವಯಸ್ಸಿನ ಮಿತಿಯನ್ನು ಏಳರಿಂದ ಹನ್ನೆರಡಕ್ಕೆ ಏರಿಸಿ, ವಯಸ್ಕರಿಗೆ ಆರರ ಬದಲು ಐದು ಲಕ್ಷಣಗಳಿದ್ದರೆ ಸಾಕೆಂದು ಹೇಳಿತು. ಮಕ್ಕಳಲ್ಲಿ ಗಂಡು-ಹೆಣ್ಣಿನ ನಡುವೆ ಕಾಣುವ ದೊಡ್ಡ ಅಂತರವು ವಯಸ್ಕರಲ್ಲಿ ಬಹಳ ಕಿರಿದಾಗುತ್ತದೆ ಎಂಬುದನ್ನು ನೋಡಿದರೆ, ಎಷ್ಟು ಹುಡುಗಿಯರು ಬಾಲ್ಯದಲ್ಲಿ ಕಣ್ತಪ್ಪಿ ಹೋಗಿದ್ದಾರೆಂದು ಊಹಿಸಬಹುದು.

ನಮ್ಮ ಮನೆಗಳಲ್ಲಿ ಇದು ತಡವಾಗಿ ಬಯಲಾಗಲು ಇನ್ನೊಂದು ಕಾರಣವಿದೆಯೆಂದು ನನಗೆ ತೋರುತ್ತದೆ. ತವರಿನಲ್ಲಿ ಎಂಟಕ್ಕೆ ತಿಂಡಿ, ಒಂದೂವರೆಗೆ ಊಟ, ಸಂಜೆ ದೀಪ ಹಚ್ಚುವ ಹೊತ್ತಿಗೆ ಕಾಫಿ ಎಂದು ದಿನಕ್ಕೊಂದು ಚೌಕಟ್ಟು ಇರುತ್ತದೆ. ಅಮ್ಮ ಕೂಗುತ್ತಾಳೆ, ತಟ್ಟೆಯ ಮುಂದೆ ಕೂತರಾಯಿತು. ಆ ಚೌಕಟ್ಟೇ ನಮ್ಮ ಮಿದುಳಿನ ಅರ್ಧ ಕೆಲಸವನ್ನು ಸದ್ದಿಲ್ಲದೆ ಮಾಡಿಕೊಡುತ್ತಿರುತ್ತದೆ. ಹಾಸ್ಟೆಲಿಗೋ, ಬೆಂಗಳೂರಿನ ಪಿ.ಜಿ.ಗೋ, ಹೊರದೇಶದ ಫ್ಲ್ಯಾಟಿಗೋ ಹೋದಾಗ, ಇಲ್ಲವೇ ಮದುವೆಯಾಗಿ ಬೇರೆಯವರ ಊಟದ ಹೊಣೆಯನ್ನೂ ಹೊರಬೇಕಾದಾಗ, ಮಗು ಹುಟ್ಟಿ ನಿದ್ದೆ ಕೆಟ್ಟಾಗ ಅದು ಒಮ್ಮೆಲೇ ಕಳಚುತ್ತದೆ. ಮೊದಲು ಚೆನ್ನಾಗಿದ್ದವಳು ಈಗ ಸೋಮಾರಿಯಾಗಿದ್ದಾಳೆ ಎಂದು ಸುತ್ತಲಿನವರು ಹೇಳುವುದು ಸಾಮಾನ್ಯವಾಗಿ ಈ ಘಟ್ಟದಲ್ಲಿ.

ಊಟದಲ್ಲೇ ಏಕೆ ಎಡವುತ್ತೇವೆ

ಹಸಿವಾಯಿತು, ತಿಂದೆ ಎಂಬ ಎರಡು ಮಾತುಗಳ ನಡುವೆ ಎಷ್ಟು ಕೆಲಸಗಳಿವೆಯೆಂದು ಒಮ್ಮೆ ಎಣಿಸಿ ನೋಡಿ. ಹಸಿವು ಗೊತ್ತಾಗಬೇಕು, ಕೈಯಲ್ಲಿರುವ ಕೆಲಸ ಬಿಡಬೇಕು, ಏನು ತಿನ್ನುವುದೆಂದು ತೀರ್ಮಾನಿಸಬೇಕು, ಸಾಮಾನು ಇದೆಯೇ ನೋಡಬೇಕು, ತೊಳೆಯದ ಪಾತ್ರೆ ತೊಳೆಯಬೇಕು, ಈರುಳ್ಳಿ ಹೆಚ್ಚಬೇಕು, ಒಲೆಯ ಮೇಲಿಟ್ಟದ್ದನ್ನು ಮರೆಯದೆ ನೋಡಿಕೊಳ್ಳಬೇಕು. ಎಡಿಎಚ್‌ಡಿ ಇರುವವರಿಗೆ ಕಷ್ಟವಾಗುವ ಎಲ್ಲ ಕೌಶಲಗಳೂ ಇಲ್ಲಿ ಒಂದರ ಹಿಂದೊಂದು ನಿಂತಿವೆ. ಮೊದಲನೆಯದರಲ್ಲೇ ತೊಡಕಿದೆ: ಮನಸ್ಸು ಯಾವುದಾದರೊಂದು ಕೆಲಸದಲ್ಲಿ ಪೂರ್ತಿ ಮುಳುಗಿದ್ದಾಗ ಹೊಟ್ಟೆಯ ಸಂದೇಶ ಒಳಗೆ ಬರುವುದೇ ಇಲ್ಲ, ಬರುವಾಗ ತಲೆನೋವು, ಸಿಡುಕು, ನಡುಕದ ವೇಷದಲ್ಲಿ ಬರುತ್ತದೆ. ಅಷ್ಟು ಹೊತ್ತಿಗೆ ಅಡುಗೆ ಮಾಡುವ ತಾಳ್ಮೆ ಉಳಿದಿರುವುದಿಲ್ಲವಾದ್ದರಿಂದ ಕೈ ಸಿಹಿಗೋ ಕರಿದ ತಿಂಡಿಗೋ ಹೋಗುತ್ತದೆ. ಉತ್ಸಾಹ ಮತ್ತು ಪ್ರತಿಫಲದ ಭಾವನೆಗೆ ಸಂಬಂಧಿಸಿದ ಡೋಪಮಿನ್ ಎಂಬ ರಾಸಾಯನಿಕದ ವ್ಯವಸ್ಥೆ ಈ ಮಿದುಳಿನಲ್ಲಿ ಬೇರೆ ರೀತಿಯಲ್ಲಿ ಕೆಲಸ ಮಾಡುತ್ತದೆಯಾದ್ದರಿಂದ, ದಿನವಿಡೀ ದಣಿದವಳಿಗೆ ರಾತ್ರಿಯ ತಿನಿಸು ಹಸಿವಿನ ಜೊತೆಗೆ ಮನಸ್ಸಿನ ಬಯಕೆಯನ್ನೂ ತಣಿಸುತ್ತದೆ. ಅತಿಯಾಗಿ ತಿನ್ನುವ ತೊಂದರೆಯು ಎಡಿಎಚ್‌ಡಿ ಇರುವವರಲ್ಲಿ ಇತರರಿಗಿಂತ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆಯೆಂದು ಹಲವು ಅಧ್ಯಯನಗಳು ತೋರಿಸಿವೆ.

ಇದಕ್ಕೆಲ್ಲ ಉಪಾಯ ಮನಸ್ಸನ್ನು ಗಟ್ಟಿಮಾಡಿಕೊಳ್ಳುವುದರಲ್ಲಿಲ್ಲ. ಹಸಿವಿಗೂ ತಟ್ಟೆಗೂ ನಡುವಿನ ಕೆಲಸಗಳನ್ನು ಒಂದೊಂದಾಗಿ ಕಿತ್ತುಹಾಕುವುದರಲ್ಲಿದೆ. ಮುಂದಿನ ಹೆಜ್ಜೆಗಳೆಲ್ಲ ಅದಕ್ಕಾಗಿಯೇ ಇವೆ.

ಮೊದಲ ಹೆಜ್ಜೆ: ಒಂದು ವಾರ ಬರೆದಿಡಿ

ಏನನ್ನೂ ಬದಲಿಸದೆ, ಏಳು ದಿನ ಯಾವ ಹೊತ್ತಿಗೆ ಏನು ತಿಂದಿರೆಂದು ಮಾತ್ರ ಬರೆಯಿರಿ. ಕ್ಯಾಲೊರಿ ಲೆಕ್ಕ ಬೇಡ, ತೂಕ ನೋಡುವುದು ಬೇಡ. ಬರೆಯಲು ಮರೆಯುವವರು ತಟ್ಟೆಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದರೆ ಸಾಕು, ಗಂಟೆ ತಾನಾಗಿ ದಾಖಲಾಗುತ್ತದೆ. ಬಹಳಷ್ಟು ಜನರಿಗೆ ಒಂದು ಉದ್ದನೆಯ ಖಾಲಿ ಜಾಗ ಕಾಣುತ್ತದೆ. ನನ್ನದು ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗಿತ್ತು. ಮುಟ್ಟಿನ ದಿನಗಳನ್ನೂ ಅದರಲ್ಲೇ ಗುರುತು ಹಾಕಿಕೊಳ್ಳಿ, ಮುಂದೆ ಉಪಯೋಗಕ್ಕೆ ಬರುತ್ತದೆ.

ಎರಡನೆಯ ಹೆಜ್ಜೆ: ಹಸಿವನ್ನು ಗಡಿಯಾರಕ್ಕೆ ಒಪ್ಪಿಸಿ

ಹಸಿವಾದಾಗ ತಿನ್ನಿ ಎಂಬ ಉಪದೇಶ ಇತರರಿಗೆ ಒಳ್ಳೆಯದಿರಬಹುದು, ಹಸಿವಿನ ಸುಳಿವು ತಡವಾಗಿ ಸಿಗುವವರಿಗೆ ಅದರಿಂದ ಪ್ರಯೋಜನವಿಲ್ಲ. ಮೂರೂವರೆಯಿಂದ ನಾಲ್ಕು ಗಂಟೆಗೊಮ್ಮೆ ಏನಾದರೂ ತಿನ್ನುವಂತೆ ಹೊತ್ತು ಗೊತ್ತುಮಾಡಿಕೊಂಡು ಅಲಾರಂ ಇಡಿ. ಅಲಾರಂ ಒಂದೇ ಇದ್ದರೆ ಬೆರಳು ತಾನಾಗಿ ಅದನ್ನು ನಿಲ್ಲಿಸಿ ಕೆಲಸಕ್ಕೆ ಮರಳುತ್ತದೆ. ಆದ್ದರಿಂದ ಹತ್ತು ನಿಮಿಷದ ನಂತರ ಎರಡನೆಯದು ಹೊಡೆಯಲಿ, ಫೋನು ಎದ್ದು ಹೋಗಿ ತೆಗೆಯಬೇಕಾದಷ್ಟು ದೂರದಲ್ಲಿರಲಿ.

ಅಲಾರಮ್ಮಿಗಿಂತ ಮನುಷ್ಯರ ದನಿ ಹೆಚ್ಚು ಕೆಲಸ ಮಾಡುತ್ತದೆ. ನನ್ನ ತಂಗಿ ತನ್ನ ಊಟಕ್ಕೆ ಕೂರುವ ಮೊದಲು, ಒಂದೂಕಾಲಿಗೆ, ನನಗೆ ಫೋನು ಮಾಡಿ "ಅಕ್ಕಾ, ಡಬ್ಬಿ ತೆಗೆದ್ಯಾ?" ಎಂದು ಕೇಳುತ್ತಾಳೆ. ನಾನು ಮುಚ್ಚಳ ತೆಗೆದ ಸದ್ದು ಕೇಳಿಸುವವರೆಗೆ ಆಕೆ ಫೋನು ಇಡುವುದಿಲ್ಲ. ಒಂದೂವರೆ ನಿಮಿಷದ ಮಾತು ಅದು, ಆದರೆ ನನ್ನ ಮಧ್ಯಾಹ್ನದ ಊಟ ಇವತ್ತಿಗೂ ನಿಂತಿರುವುದು ಅದರ ಮೇಲೆ. ಅಡುಗೆ ಮಾಡುವಾಗಲೂ ಅಷ್ಟೇ. ಗೆಳತಿಯೊಬ್ಬಳು ಫೋನಿನಲ್ಲಿ ಜೊತೆಗಿದ್ದರೆ, ಇಲ್ಲವೇ ಮನೆಯವರೊಬ್ಬರು ಅಡುಗೆಮನೆಯಲ್ಲಿ ಸುಮ್ಮನೆ ಕೂತಿದ್ದರೂ, ಶುರು ಮಾಡಲಾಗದ ಕೆಲಸ ಶುರುವಾಗುತ್ತದೆ.

ಮೂರನೆಯ ಹೆಜ್ಜೆ: ಮೂರು ದರ್ಜೆಯ ಊಟಗಳನ್ನು ಮೊದಲೇ ತೀರ್ಮಾನಿಸಿ

ಎಲ್ಲ ದಿನಗಳಿಗೂ ಒಂದೇ ಅಳತೆಯ ಅಡುಗೆಯನ್ನು ನಿರೀಕ್ಷಿಸುವುದೇ ಸೋಲಿಗೆ ಕಾರಣ. ಅನ್ನ, ಸಾರು, ಪಲ್ಯ, ಕೋಸಂಬರಿ ಇದ್ದರೆ ಊಟ, ಇಲ್ಲದಿದ್ದರೆ ಏನೂ ಇಲ್ಲ ಎಂಬ ಲೆಕ್ಕದಲ್ಲಿ ಬೆಳೆದವರು ನಾವು. ಅದನ್ನು ಬಿಟ್ಟು ಮೂರು ಪಟ್ಟಿಗಳನ್ನು ಮಾಡಿ.

ಮೊದಲ ಪಟ್ಟಿಯಲ್ಲಿ ಒಲೆ ಹಚ್ಚದೆ, ಚಾಕು ಹಿಡಿಯದೆ ಎರಡು ನಿಮಿಷದಲ್ಲಿ ತಟ್ಟೆಗೆ ಬರುವಂಥವು ಇರಲಿ. ಮೊಸರವಲಕ್ಕಿ, ಹಾಲಿಗೋ ಮಜ್ಜಿಗೆಗೋ ಕಲಸಿದ ಹುರಿಹಿಟ್ಟು, ಬಾಳೆಹಣ್ಣಿನ ಜೊತೆ ಒಂದು ಹಿಡಿ ಹುರಿದ ಕಡಲೆಕಾಯಿ, ಹುರಿಗಡಲೆ, ಅನ್ನಕ್ಕೆ ಚಟ್ನಿಪುಡಿ ಮತ್ತು ತುಪ್ಪ, ಒಂದು ಲೋಟ ಹಾಲಿನ ಜೊತೆ ಕಡಲೆಕಾಯಿ ಚಿಕ್ಕಿ. ಇವುಗಳಲ್ಲಿ ಹೆಚ್ಚಿನವು ನಮ್ಮ ಅಜ್ಜಿಯರ ಡಬ್ಬಿಗಳಲ್ಲಿ ಸದಾ ಇರುತ್ತಿದ್ದ ಆಹಾರವೇ. ಕಾಳು, ಬೀಜ, ಹಾಲು, ಮೊಸರು, ಮೊಟ್ಟೆಯಂಥ ಪ್ರೋಟೀನು ಜೊತೆಗಿದ್ದರೆ ಹೊಟ್ಟೆ ಹೆಚ್ಚು ಹೊತ್ತು ನಿಲ್ಲುತ್ತದೆ, ಬರೀ ಬಿಸ್ಕತ್ತು-ಕಾಫಿಯಾದರೆ ಒಂದು ಗಂಟೆಯಲ್ಲಿ ಮತ್ತೆ ಕುಸಿತ. ಎರಡನೆಯ ಪಟ್ಟಿ ಹತ್ತು-ಹದಿನೈದು ನಿಮಿಷದ್ದು: ಫ್ರಿಜ್ಜಿನ ಹಿಟ್ಟಿನಿಂದ ದೋಸೆ, ಮೊಟ್ಟೆ, ಮೊದಲೇ ಹುರಿದಿಟ್ಟ ರವೆಯ ಉಪ್ಪಿಟ್ಟು, ಎಲ್ಲವನ್ನೂ ಒಟ್ಟಿಗೆ ಕುಕ್ಕರಿಗೆ ಹಾಕಿ ಮಾಡುವ ಹೆಸರುಬೇಳೆಯ ಪೊಂಗಲ್. ಮೂರನೆಯದು ಪೂರ್ತಿ ಅಡುಗೆ, ಮೈಯಲ್ಲಿ ಕಸುವಿರುವ ದಿನಕ್ಕೆ.

ಪಟ್ಟಿಯನ್ನು ಕಾಗದದಲ್ಲಿ ದೊಡ್ಡದಾಗಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿ. ಹಸಿದಿರುವಾಗ ಏನು ತಿನ್ನಲಿ ಎಂದು ಯೋಚಿಸುವ ಶಕ್ತಿ ಇರುವುದಿಲ್ಲ, ಓದಿ ಒಂದರ ಮೇಲೆ ಬೆರಳಿಡುವ ಶಕ್ತಿ ಇರುತ್ತದೆ. ಒಂದೇ ತಿಂಡಿಯನ್ನು ಮೂರು ವಾರ ದಿನವೂ ತಿನ್ನುವ ಅಭ್ಯಾಸ ನಿಮಗಿದ್ದರೆ ಅದಕ್ಕೆ ನಾಚಬೇಕಾಗಿಲ್ಲ. ಅದು ಬೇಸರವಾದ ದಿನಕ್ಕೆ ಇನ್ನೊಂದು ಸಿದ್ಧವಿದ್ದರೆ ಆಯಿತು.

ನಾಲ್ಕನೆಯ ಹೆಜ್ಜೆ: ಅಡುಗೆಮನೆಯನ್ನು ನಿಮ್ಮ ಕಣ್ಣಿಗೆ ತಕ್ಕಂತೆ ಜೋಡಿಸಿ

ಫ್ರಿಜ್ಜಿನ ತಳದ ತರಕಾರಿ ಡ್ರಾಯರ್ ನನ್ನ ಪಾಲಿಗೆ ಇಲ್ಲದ ಜಾಗವಾಗಿತ್ತು. ಭಾನುವಾರ ಸಂತೆಯಿಂದ ಉತ್ಸಾಹದಿಂದ ತಂದ ಎರಡು ಕಟ್ಟು ಕೊತ್ತಂಬರಿ ಮುಂದಿನ ಶನಿವಾರ ಅಲ್ಲಿ ಕಪ್ಪಾಗಿ, ನೀರೊಡೆದು, ಪ್ಲಾಸ್ಟಿಕ್ಕಿಗೆ ಅಂಟಿಕೊಂಡಿರುತ್ತಿತ್ತು. ಕಣ್ಣಿಗೆ ಕಾಣದ್ದು ಈ ಮಿದುಳಿಗೆ ನೆನಪಿರುವುದಿಲ್ಲ. ಹಾಗಾಗಿ ಈಗ ಹಾಳಾಗುವ ಸೊಪ್ಪು-ತರಕಾರಿ ಕಣ್ಣೆತ್ತರದ ಅರೆಯಲ್ಲಿದೆ, ಉಪ್ಪಿನಕಾಯಿ ಮತ್ತು ಸಾಸಿನ ಬಾಟಲಿಗಳು ಡ್ರಾಯರಿಗೆ ಇಳಿದಿವೆ. ಮಿಗಿಸಿದ ಸಾರು ಸ್ಟೀಲಿನ ಡಬ್ಬಿಯ ಬದಲು ಒಳಗಿನದು ಕಾಣುವ ಗಾಜಿನ ಡಬ್ಬಿಯಲ್ಲಿರುತ್ತದೆ. ಸೊಪ್ಪನ್ನು ಅಂದೇ ಅಥವಾ ಮರುದಿನ ಬಳಸುವಷ್ಟು ಮಾತ್ರ ತರುವುದು. ಹೆಚ್ಚಿದ ತರಕಾರಿ ಅಂಗಡಿಯಲ್ಲಿ ಸಿಗುವುದಾದರೆ ನಾಲ್ಕು ಕಾಸು ಹೆಚ್ಚಾದರೂ ತರುವುದು, ಏಕೆಂದರೆ ಕೊಳೆತು ಎಸೆಯುವ ತರಕಾರಿಯೇ ಎಲ್ಲಕ್ಕಿಂತ ದುಬಾರಿ.

ಒಲೆಯ ವಿಷಯದಲ್ಲಿ ಎಚ್ಚರಿಕೆ ಬೇಕು. ಕುಕ್ಕರಿನ ಕೂಗನ್ನು ಎಣಿಸುತ್ತಾ ಇನ್ನೊಂದು ಕೋಣೆಗೆ ಹೋದರೆ ಎಣಿಕೆ ತಪ್ಪಿತೆಂದೇ ತಿಳಿಯಿರಿ. ಟೈಮರ್ ಅಡುಗೆಮನೆಯಲ್ಲಿರದೆ ನಿಮ್ಮ ಮೈಮೇಲಿರಬೇಕು, ಅಂದರೆ ಕೈಗಡಿಯಾರದಲ್ಲೋ ಜೇಬಿನ ಫೋನಿನಲ್ಲೋ. ಸಾಧ್ಯವಿದ್ದರೆ ಹಾಲು ಮತ್ತು ಬೇಳೆಗೆ ತಾನಾಗಿ ಆರಿಹೋಗುವ ಇಂಡಕ್ಷನ್ ಒಲೆ ಬಳಸುವುದು ಒಳ್ಳೆಯದು.

ಐದನೆಯ ಹೆಜ್ಜೆ: ನಿಮ್ಮ ತಟ್ಟೆಯನ್ನು ಮೊದಲು ಬಡಿಸಿಕೊಳ್ಳಿ

ಈ ಹೆಜ್ಜೆಯನ್ನು ಬರೆಯುವಾಗ ಆಕ್ಷೇಪಗಳು ಬರುತ್ತವೆಂದು ನನಗೆ ಗೊತ್ತಿದೆ. ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಉಣ್ಣುವುದು ನಮ್ಮ ಅನೇಕ ಮನೆಗಳಲ್ಲಿ ಇಂದಿಗೂ ಹೆಣ್ಣಿನ ಮರ್ಯಾದೆಯೆನಿಸಿಕೊಂಡಿದೆ. ಎಡಿಎಚ್‌ಡಿ ಇರುವ ಹೆಣ್ಣಿಗೆ ಕೊನೆಗೆ ಉಳಿದ ಕೆಲಸವೆಂದರೆ ಮರೆತುಹೋಗುವ ಕೆಲಸ. ಮಕ್ಕಳ ಡಬ್ಬಿ, ಮಾವನವರ ತಿಂಡಿ, ಪಾತ್ರೆ ಎಂದು ಒಂದಾದ ಮೇಲೊಂದು ಬಂದು, ಗಂಟೆ ಹನ್ನೊಂದಾದರೂ ಆಕೆ ತಿಂದಿರುವುದಿಲ್ಲ, ಮಕ್ಕಳು ತಟ್ಟೆಯಲ್ಲಿ ಬಿಟ್ಟ ಎರಡು ತುತ್ತನ್ನು ನಿಂತು ಬಾಯಿಗೆ ಹಾಕಿಕೊಂಡಿರುತ್ತಾಳೆ. ಮಕ್ಕಳ ಡಬ್ಬಿ ತುಂಬುವಾಗಲೇ ನಿಮ್ಮದೊಂದು ಡಬ್ಬಿಯನ್ನೂ ತುಂಬಿಡಿ, ನೀವು ಮನೆಯಲ್ಲೇ ಇರುವವರಾದರೂ ಸರಿ. ಮನೆಯವರಿಗೆ ಹೇಳುವಾಗ, "ನನಗೆ ಹೊತ್ತಿಗೆ ಸರಿಯಾಗಿ ತಿನ್ನಬೇಕೆಂದು ಡಾಕ್ಟರು ಹೇಳಿದ್ದಾರೆ" ಎಂದರೆ ಅತ್ತೆಯಂದಿರೂ ಒಪ್ಪುತ್ತಾರೆ. ಸಕ್ಕರೆ ಕಾಯಿಲೆಯವರಿಗೆ ಯಾರೂ ತಡವಾಗಿ ಉಣ್ಣೆಂದು ಹೇಳುವುದಿಲ್ಲವಷ್ಟೆ.

ವಾರದ ಒಪ್ಪತ್ತು, ಏಕಾದಶಿ ಮುಂತಾದ ವ್ರತಗಳನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಆದರೆ ಹಗಲೆಲ್ಲ ಹಸಿದು ರಾತ್ರಿ ಮಿತಿಮೀರಿ ತಿನ್ನುವ ಅಭ್ಯಾಸವಿರುವವರು ಪೂರ್ತಿ ಉಪವಾಸದ ಬದಲು ಹಾಲು, ಹಣ್ಣು, ಅವಲಕ್ಕಿಯನ್ನು ಹೊತ್ತುಹೊತ್ತಿಗೆ ತೆಗೆದುಕೊಳ್ಳುವ ಫಲಾಹಾರದ ಕ್ರಮವನ್ನು ಹಿಡಿಯುವುದು ಕ್ಷೇಮ.

ಆರನೆಯ ಹೆಜ್ಜೆ: ತಿಂಗಳ ಲೆಕ್ಕವನ್ನು ಇಟ್ಟುಕೊಳ್ಳಿ

ಹೆಣ್ಣುಮಕ್ಕಳ ಎಡಿಎಚ್‌ಡಿ ತಿಂಗಳ ಎಲ್ಲ ದಿನ ಒಂದೇ ಸಮನಾಗಿರುವುದಿಲ್ಲ. ಈಸ್ಟ್ರೋಜನ್ ಹಾರ್ಮೋನಿಗೂ ಡೋಪಮಿನ್‌ಗೂ ಸಂಬಂಧವಿದ್ದು, ಮುಟ್ಟಿಗೆ ಮೊದಲಿನ ವಾರ ಈಸ್ಟ್ರೋಜನ್ ಇಳಿಯುವಾಗ ಮರೆವು, ಸಿಡುಕು, ಸಿಹಿಯ ಬಯಕೆ ಹೆಚ್ಚಾಯಿತೆಂದು ಅನೇಕರು ಹೇಳುತ್ತಾರೆ. ಹೆರಿಗೆಯ ನಂತರದ ತಿಂಗಳುಗಳಲ್ಲೂ, ನಲವತ್ತರ ನಂತರ ಮುಟ್ಟು ನಿಲ್ಲುವ ಕಾಲ ಹತ್ತಿರವಾದಾಗಲೂ ಇದೇ ಅನುಭವವಾಗಬಹುದು. ಮೊದಲ ಹೆಜ್ಜೆಯಲ್ಲಿ ಗುರುತು ಹಾಕಿದ ದಿನಗಳು ಇಲ್ಲಿ ನೆರವಾಗುತ್ತವೆ: ಆ ಒಂದು ವಾರಕ್ಕೆ ಮೂರನೆಯ ಪಟ್ಟಿಯನ್ನು ಪೂರ್ತಿ ಬಿಟ್ಟುಬಿಡಿ, ಮೊದಲ ಪಟ್ಟಿಯ ಸಾಮಾನನ್ನು ಹೆಚ್ಚಾಗಿ ತಂದಿಟ್ಟುಕೊಳ್ಳಿ.

ಏಳನೆಯ ಹೆಜ್ಜೆ: ವೈದ್ಯರ ಬಳಿಗೆ ಸಿದ್ಧರಾಗಿ ಹೋಗಿ

ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗದಲ್ಲಿ ಸಿದ್ಧವಾದ ವಯಸ್ಕರ ಸ್ವಪರೀಕ್ಷೆಯ ಪ್ರಶ್ನಾವಳಿಯೊಂದಿದೆ, ಅದರ ಮೊದಲ ಆರು ಪ್ರಶ್ನೆಗಳು ಅನುಮಾನವನ್ನು ಸೂಚಿಸಬಲ್ಲವು. ರೋಗನಿರ್ಣಯ ಮಾಡಬೇಕಾದವರು ಮನೋವೈದ್ಯರೇ. ಅವರು ನಿಮ್ಮ ಬಾಲ್ಯವನ್ನು ಕೇಳುತ್ತಾರೆ, ಮನೆ ಮತ್ತು ಕೆಲಸ ಎರಡರಲ್ಲೂ ತೊಂದರೆಯಿದೆಯೇ ಎಂದು ನೋಡುತ್ತಾರೆ. ಹಳೆಯ ಶಾಲಾ ಅಂಕಪಟ್ಟಿಯಲ್ಲಿ ಶಿಕ್ಷಕರು ಬರೆದ ಮಾತು, ಅಮ್ಮನೋ ಚಿಕ್ಕಮ್ಮನೋ ಹೇಳುವ ನೆನಪು, ನೀವು ಬರೆದಿಟ್ಟ ವಾರದ ಊಟದ ದಾಖಲೆ ಇವನ್ನು ಒಯ್ಯಿರಿ. ಖಿನ್ನತೆ, ಆತಂಕ, ನಿದ್ದೆಗೇಡು, ಥೈರಾಯ್ಡ್ ತೊಂದರೆ ಕೂಡ ಗಮನವನ್ನು ಕೆಡಿಸುತ್ತವೆ. ರಕ್ತಹೀನತೆಯನ್ನಂತೂ ಪರೀಕ್ಷಿಸಿಕೊಳ್ಳಲೇಬೇಕು, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಊಟ ತಪ್ಪಿಸುವವರಲ್ಲಿ ಇದು ಸುಲಭವಾಗಿ ಬೆಳೆಯುತ್ತದೆ, ಊಟದ ಜೊತೆಗೇ ಕುಡಿಯುವ ಕಾಫಿ-ಚಹಾ ಕಬ್ಬಿಣಾಂಶವನ್ನು ಮೈ ಹೀರಿಕೊಳ್ಳದಂತೆ ತಡೆಯುತ್ತದೆ. ಕಾಫಿಗೂ ಊಟಕ್ಕೂ ಒಂದು ಗಂಟೆಯ ಅಂತರವಿರಲಿ.

ಚಿಕಿತ್ಸೆಗೆ ನಮ್ಮಲ್ಲಿ ಹೆಚ್ಚಾಗಿ ಬಳಸುವ ಔಷಧಗಳು ಮೀಥೈಲ್‌ಫೆನಿಡೇಟ್ ಮತ್ತು ಅಟೊಮಾಕ್ಸೆಟಿನ್. ಮೊದಲನೆಯದು ಕಟ್ಟುನಿಟ್ಟಿನ ನಿಯಂತ್ರಣದಲ್ಲಿರುವುದರಿಂದ ವೈದ್ಯರ ಚೀಟಿಯಿಲ್ಲದೆ ಸಿಗುವುದಿಲ್ಲ, ಎಲ್ಲ ಅಂಗಡಿಗಳಲ್ಲಿ ಇಟ್ಟಿರುವುದೂ ಇಲ್ಲ. ಮುಗಿಯುವ ಒಂದು ವಾರ ಮೊದಲೇ ವಿಚಾರಿಸಿ. ಅದು ಹಗಲಿನ ಹಸಿವನ್ನು ಕುಗ್ಗಿಸುತ್ತದೆ, ಔಷಧದ ಪ್ರಭಾವ ಇಳಿದ ಮೇಲೆ ಸಂಜೆ ಹಸಿವು ಒಮ್ಮೆಲೇ ನುಗ್ಗಿಬರುತ್ತದೆ. ಆದ್ದರಿಂದ ಮಾತ್ರೆಗೆ ಮೊದಲು ಗಟ್ಟಿ ತಿಂಡಿ ತಿನ್ನಿ, ಮಧ್ಯಾಹ್ನ ಹಸಿವಿಲ್ಲದಿದ್ದರೂ ಗಡಿಯಾರ ನೋಡಿ ಸ್ವಲ್ಪವಾದರೂ ಉಣ್ಣಿ, ಸಂಜೆ ನುಗ್ಗುವ ಹಸಿವಿಗೆ ಉಸಲಿಯನ್ನೋ ಮೊಟ್ಟೆಯನ್ನೋ ಸಿದ್ಧವಾಗಿಡಿ. ಅಟೊಮಾಕ್ಸೆಟಿನ್ ಹೊಟ್ಟೆ ತೊಳಸುವಂತೆ ಮಾಡಬಹುದು, ಊಟದ ಜೊತೆ ತೆಗೆದುಕೊಂಡರೆ ಅದು ಕಡಿಮೆಯಾಗುತ್ತದೆ. ರಕ್ತದೊತ್ತಡ, ನಾಡಿ, ತೂಕದ ತಪಾಸಣೆ ಆಗಾಗ ಆಗಬೇಕು. ಗರ್ಭಿಣಿಯಾಗಿದ್ದರೆ, ಆಗುವ ಯೋಚನೆಯಿದ್ದರೆ ವೈದ್ಯರಿಗೆ ತಿಳಿಸಬೇಕು. ಔಷಧವನ್ನು ತಾನಾಗಿ ನಿಲ್ಲಿಸುವುದಾಗಲಿ ಹೆಚ್ಚಿಸುವುದಾಗಲಿ ಕೂಡದು.

ಮೂರು ತಿಂಗಳಿಂದ ವಾರಕ್ಕೊಮ್ಮೆಯಾದರೂ ಕೈ ತಡೆಯಲಾಗದೆ ವಿಪರೀತ ತಿನ್ನುತ್ತಿದ್ದರೆ, ತಿಂದದ್ದನ್ನು ಬೇಕೆಂದೇ ವಾಂತಿ ಮಾಡುತ್ತಿದ್ದರೆ, ತೂಕ ವೇಗವಾಗಿ ಇಳಿಯುತ್ತಿದ್ದರೆ, ಮುಟ್ಟು ನಿಂತಿದ್ದರೆ ಈ ಲೇಖನದ ಉಪಾಯಗಳಿಗೆ ಕಾಯದೆ ವೈದ್ಯರನ್ನು ಕಾಣಬೇಕು. ನಾಚಿಕೆಯಿಂದ ಇವನ್ನು ಮುಚ್ಚಿಡುವುದೇ ಹೆಚ್ಚು ಅಪಾಯಕಾರಿ. ರಾತ್ರಿ ಅತಿಯಾಗಿ ತಿಂದ ಮರುದಿನ ಪ್ರಾಯಶ್ಚಿತ್ತವೆಂದು ತಿಂಡಿ ಬಿಡಬೇಡಿ, ಆ ಬಿಟ್ಟ ತಿಂಡಿಯೇ ಮುಂದಿನ ರಾತ್ರಿಯದನ್ನು ತಂದಿಡುತ್ತದೆ. ಎಲ್ಲಿಂದ ಶುರು ಮಾಡಲಿ ಎಂದು ತಿಳಿಯದವರು ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೂ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಜಿಲ್ಲಾ ಆಸ್ಪತ್ರೆಗಳ ಮನೋವೈದ್ಯ ವಿಭಾಗಗಳಲ್ಲಿ ಕಡಿಮೆ ಖರ್ಚಿನಲ್ಲಿ ತಪಾಸಣೆ ಮಾಡಿಸಿಕೊಳ್ಳಬಹುದು.

ವ್ಯವಸ್ಥೆ ಮುರಿದಾಗ

ಇಷ್ಟೆಲ್ಲ ಜೋಡಿಸಿದ ಮೇಲೂ ಐದಾರು ವಾರದಲ್ಲಿ ಎಲ್ಲವೂ ಸಡಿಲಾಗುತ್ತದೆ. ಗೋಡೆಯ ಪಟ್ಟಿಯನ್ನು ಕಣ್ಣು ನೋಡುವುದನ್ನು ಬಿಡುತ್ತದೆ, ಅಲಾರಮ್ಮಿನ ಸದ್ದು ಫ್ಯಾನಿನ ಸದ್ದಿನಂತೆ ಕೇಳಿಸದಾಗುತ್ತದೆ. ಹೊಸತನ ಹೋದದ್ದರ ಗುರುತು ಅದು, ನೀವು ಸೋತದ್ದರದ್ದಲ್ಲ. ಆಗ ಹೊಸ ವ್ಯವಸ್ಥೆಯನ್ನು ಹುಡುಕುವ ಗೋಜಿಗೆ ಹೋಗದೆ ಇದ್ದುದನ್ನೇ ಸ್ವಲ್ಪ ಬದಲಿಸಿ: ಪಟ್ಟಿಯನ್ನು ಬೇರೆ ಬಣ್ಣದ ಕಾಗದದಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಅಲಾರಮ್ಮಿನ ದನಿ ಬದಲಿಸಿ, ಫೋನು ಮಾಡುವ ತಂಗಿ ಊರಲ್ಲಿಲ್ಲದಿದ್ದರೆ ಆ ವಾರಕ್ಕೆ ಇನ್ನೊಬ್ಬರಿಗೆ ಆ ಕೆಲಸ ಒಪ್ಪಿಸಿ. ನನ್ನ ಪಟ್ಟಿ ಈಗ ಹಳದಿ ಕಾಗದದಲ್ಲಿದೆ, ಕಾಫಿಪುಡಿಯ ಡಬ್ಬಿಯ ಮುಚ್ಚಳದ ಮೇಲೆ.